ಅತ್ತೆಯ ಹಾಸ್ಟೆಲ್ಲು, ಲಾವಣ್ಯಳ ಉಡಿಯಕ್ಕಿ

ನನ್ನ ಸೋದರತ್ತೆಗೆ ಒಳ್ಳೆಯ ನಡತೆಯ ಹುಡುಗಿಯರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಗಂಟೆ ಹೊಡೆದ ಕೂಡಲೇ ಏಳುವವರು, ಸಾಲು ತಪ್ಪದೆ ನಿಲ್ಲುವವರು, ತಟ್ಟೆಯಲ್ಲಿ ಅಗುಳು ಬಿಡದೆ ಉಣ್ಣುವವರು, ಇವರೆಲ್ಲ ಅವಳ ಲೆಕ್ಕದಲ್ಲಿ ಕೆಲಸಕ್ಕೆ ಬಾರದವರು. ಇಂಥವಳು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದಳು ಅಂತೀರಿ? ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕೆಲಸ!

ಹಾಸ್ಟೆಲ್ಲು ಇದ್ದದ್ದು ತೆಲಂಗಾಣದಲ್ಲಿ, ಪಟಾನ್‌ಚೆರುವಿನ ಆಚೆ, ಒಂದು ಖಾಸಗಿ ಜೂನಿಯರ್ ಕಾಲೇಜಿನ ಅಂಗಳದಲ್ಲಿ. ಗಾಳಿ ಒಂದು ಕಡೆಯಿಂದ ಬೀಸಿದರೆ ಔಷಧಿ ಕಾರ್ಖಾನೆಗಳ ವಾಸನೆ, ಇನ್ನೊಂದು ಕಡೆಯಿಂದ ಬೀಸಿದರೆ ನಮ್ಮ ಮೆಸ್ಸಿನ ಸಾಂಬಾರಿನ ವಾಸನೆ. ಎರಡರಲ್ಲಿ ಯಾವುದು ವಾಸಿ ಎಂಬುದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಮಾವ ಅಲ್ಲಿಯ ಒಂದು ಕಾರ್ಖಾನೆಯಲ್ಲೇ ಕೆಲಸಕ್ಕಿದ್ದರು. ಅವರು ತೀರಿಕೊಂಡ ಮೇಲೆ ಅತ್ತೆ ಕಲಬುರಗಿಗೂ ಹೋಗಲಿಲ್ಲ, ಬಾಲಾನಗರದ ನಮ್ಮ ಮನೆಗೂ ಬರಲಿಲ್ಲ, ಈ ಕೆಲಸ ಹಿಡಿದಳು. ನಾನು ಇಂಟರ್, ಅಂದರೆ ಪಿಯುಸಿ, ಓದುವ ಕಾಲ ಬಂದಾಗ ಅಪ್ಪ, "ಅಲ್ಲೇ ಹಾಕ್ತೀನಿ. ಅತ್ತಿ ಅದಾಳ, ಕಾಳಜಿ ಇಲ್ಲ" ಅಂದ. ಅಪ್ಪನಿಗೆ ತನ್ನ ಅಕ್ಕನ ವಿಷಯ ಎಷ್ಟು ಕಡಿಮೆ ಗೊತ್ತು ಅಂತ ನನಗೆ ಮೊದಲ ವಾರದಲ್ಲೇ ತಿಳಿಯಿತು.

ತಪ್ಪೆಲ್ಲ ಆ ಪುಸ್ತಕಗಳದ್ದು. ಚಿಕ್ಕವಳಿದ್ದಾಗ ಓಣಿಯ ವಾಚನಾಲಯದಲ್ಲಿ ಅತ್ತೆಗೆ ಇಂಗ್ಲೆಂಡಿನ ಹುಡುಗಿಯರ ವಸತಿಶಾಲೆಯ ಕಥೆಗಳು ಸಿಕ್ಕಿದ್ದವಂತೆ. ಅವುಗಳಲ್ಲಿ ಹುಡುಗಿಯರು ದಿಂಬಿನಲ್ಲಿ ಬಡಿದಾಡುತ್ತಾರೆ, ಮೇಡಮ್ಮನ ಕುರ್ಚಿಯಲ್ಲಿ ಏನೇನೋ ಇಡುತ್ತಾರೆ, ಒಬ್ಬಳನ್ನು ಇನ್ನೊಬ್ಬಳೆಂದು ತಪ್ಪು ತಿಳಿದು ಮಾತು ಬಿಡುತ್ತಾರೆ, ಕೊನೆಯ ಅಧ್ಯಾಯದಲ್ಲಿ ಅಪ್ಪಿಕೊಂಡು ಅಳುತ್ತಾರೆ. ಅತ್ತೆ ಅವನ್ನೆಲ್ಲ ಬಾಯಿಪಾಠ ಮಾಡಿದ್ದಳು. ಹಾಸ್ಟೆಲ್ಲು ಎಂದರೆ ಇದು ಎಂದು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಆದರೆ ಅವಳ ಕೈಗೆ ಸಿಕ್ಕವರು ಯಾರು? ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ಎಂಟ್ರೆನ್ಸ್ ಪರೀಕ್ಷೆಗೆ ಓದುವ, ನಿದ್ದೆಯಲ್ಲೂ ಸೂತ್ರ ಕನವರಿಸುವ ತೆಲಂಗಾಣದ ಹುಡುಗಿಯರು. (ಅತ್ತೆ ಅವರ ಜೊತೆ ತೆಲುಗು ಮಾತಾಡುತ್ತಿದ್ದಳು. ಅದು ಕಲಬುರಗಿಯ ತೆಲುಗು. ಎಲ್ಲರ ಮಾತನ್ನೂ ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಎರಡು ಭಾಷೆಯವರೂ ನನ್ನ ಮೇಲೆ ಜಗಳಕ್ಕೆ ಬರುತ್ತಾರೆ.)

ಮೊದಲು ಅವಳು ಕೈ ಹಾಕಿದ್ದು ನಡುರಾತ್ರಿಯ ಔತಣಕ್ಕೆ. ಪುಸ್ತಕದ ಹುಡುಗಿಯರು ಮಂಚದ ಕೆಳಗೆ ತಿಂಡಿ ಬಚ್ಚಿಟ್ಟು, ಎಲ್ಲರೂ ಮಲಗಿದ ಮೇಲೆ ಎದ್ದು ಗುಟ್ಟಾಗಿ ತಿನ್ನುತ್ತಾರಲ್ಲ, ಅದು. ನಮ್ಮಲ್ಲಿ ಯಾರೂ ಏನೂ ಬಚ್ಚಿಡದ್ದನ್ನು ಕಂಡು ಅತ್ತೆ ತಾನೇ ಶೇಂಗಾ ಹೋಳಿಗೆ ಮಾಡಿದಳು. ನಾವು ಕ್ಲಾಸಿಗೆ ಹೋದಾಗ ಒಬ್ಬೊಬ್ಬರ ಟ್ರಂಕಿನಲ್ಲೂ ಬಟ್ಟೆಯ ಕೆಳಗೆ ಇಟ್ಟಳು. ಮರುದಿನ ಬೈಗುಳವನ್ನೆಲ್ಲ ಜೋಡಿಸಿಕೊಂಡು ಹುರುಪಿನಿಂದ ತಪಾಸಣೆಗೆ ಬಂದಳು. ನೋಡಿದರೆ ಹೋಳಿಗೆಗಳು ಇಟ್ಟಲ್ಲೇ ಇವೆ!

ಪಕ್ಕದ ಕೋಣೆಯ ಸ್ರವಂತಿ ಕೈಮುಗಿದು, "ಮೇಡಂ, ಇದು ನಂದಲ್ಲ. ಯಾರೋ ನನ್ನ ಸಿಕ್ಕಿಸಿಹಾಕೋದಕ್ಕೆ ಇಟ್ಟಿದಾರೆ" ಎಂದು ಅಳತೊಡಗಿದಳು. ಅವಳ ಅಳು ಮುಗಿಯುವಷ್ಟರಲ್ಲಿ ಉಳಿದವರೂ ತಮ್ಮ ತಮ್ಮ ಹೋಳಿಗೆ ತಂದು ಒಪ್ಪಿಸಿ, ಒಬ್ಬರನ್ನೊಬ್ಬರು ಗುಮಾನಿಯಿಂದ ನೋಡಿದರು. ಸಂಜೆಯ ಹೊತ್ತಿಗೆ ಹೋಳಿಗೆ ಇಟ್ಟವರು ಯಾರೆಂಬ ಬಗ್ಗೆ ಹಾಸ್ಟೆಲ್ಲಿನಲ್ಲಿ ಎರಡು ಪಕ್ಷಗಳಾಗಿದ್ದವು.

ನನ್ನನ್ನು ಮೂಲೆಗೆ ಕರೆದು ಅತ್ತೆ ಅಂದಳು: "ಒಬ್ಬಾಕೀನೂ ತಿಂದಿಲ್ಲಲ್ಲವಾ. ಎಂಥಾ ಹುಡುಗ್ಯಾರು ಇವು? ಇವರ ತಾಯಂದಿರು ಏನು ಕಲಿಸ್ಯಾರ?"

ಆಮೇಲೆ ಆ ಔತಣವನ್ನು ಅವಳು ಮಧ್ಯಾಹ್ನ ನಾಲ್ಕಕ್ಕೆ, ಪರದೆ ಎಳೆದು, ಬಾಗಿಲು ಮುಚ್ಚಿ ನಡೆಸಿದಳು. ಮಧ್ಯಾಹ್ನ ಯಾಕೆಂದರೆ ರಾತ್ರಿ ಒಂಬತ್ತಾದರೆ ಅವಳಿಗೇ ಕಣ್ಣು ತೆರೆದಿಡಲು ಆಗುತ್ತಿರಲಿಲ್ಲ.

ಇನ್ನೊಂದು ಸಲ ಹುಡುಗಿಯರಿಗೆ ತುಂಟತನದ ದಾರಿ ತೋರಿಸಬೇಕೆಂದು ತನ್ನ ಕುರ್ಚಿಯ ಮೇಲೆ ತಾನೇ ಒಂದು ರಬ್ಬರಿನ ಹಲ್ಲಿ ಇಟ್ಟುಕೊಂಡಳು. ಯಾರಾದರೂ ನೋಡಿ, ಅರೆ, ಹೀಗೂ ಮಾಡಬಹುದಲ್ಲ ಎಂದು ಕಲಿಯಲಿ ಎಂಬುದು ಅವಳ ಆಸೆ. ನಾವು ಕಲಿಯಲಿಲ್ಲ. ಅತ್ತೆ ಮರೆತಳು. ಮೂರನೆಯ ದಿನ ಹಾಜರಿ ತೆಗೆದುಕೊಳ್ಳಲು ಹೋಗಿ ಅದರ ಮೇಲೆ ಕೂತು, ಗೇಟಿನ ವಾಚ್‌ಮನ್ ಕೋಲು ಹಿಡಿದು ಓಡಿಬರುವಂತೆ ಕಿರುಚಿಕೊಂಡಳು. ಕಿರುಚಿದ್ದು ಮುಗಿದ ಮೇಲೆ ಅವಳ ಮುಖ ನೋಡಬೇಕಿತ್ತು! ಸಾಕ್ಷಾತ್ ದೇವರು ಬಂದು ಕುರ್ಚಿಯಲ್ಲಿ ಹಲ್ಲಿ ಇಟ್ಟು ಹೋದ ಹಾಗೆ. ಇದನ್ನು ಮಾಡಿದವಳು ಯಾರೇ ಇರಲಿ, ಅವಳಿಗೆ ಶಿಕ್ಷೆ ಇಲ್ಲ, ಈ ಹಾಸ್ಟೆಲ್ಲಿನ ಮರ್ಯಾದೆ ಉಳಿಸಿದ್ದಾಳೆ ಎಂದು ಭಾಷಣ ಮಾಡಿದಳು. ಹುಡುಗಿಯರು ಪಿಳಿಪಿಳಿ ಕಣ್ಣು ಬಿಟ್ಟರು. ಆಮೇಲೆ ನಾನು ಅವಳ ಕಿವಿಯಲ್ಲಿ, "ಅತ್ತಿ, ಅದನ್ನ ಇಟ್ಟಾಕಿ ನೀನೇ" ಅಂದೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು.

ನನ್ನ ಕೋಣೆಯಲ್ಲಿದ್ದವಳು ಲಾವಣ್ಯ. ಸಿದ್ದಿಪೇಟೆ ಕಡೆಯ ಹಳ್ಳಿಯವಳು. ಕೃಷಿ ಪದವಿ ಓದಬೇಕು, ಮಣ್ಣು ಪರೀಕ್ಷೆ ಮಾಡುವ ಅಧಿಕಾರಿಯಾಗಬೇಕು ಎಂದು ಅವಳ ಹಟ. ಅವಳ ಅಪ್ಪನಿಗೆ ಮಗಳನ್ನು ಪಟ್ಟಣಕ್ಕೆ ಕಳಿಸಲು ಸುತರಾಂ ಮನಸ್ಸಿರಲಿಲ್ಲ. ಅವಳ ಬಗ್ಗೆ ಒಂದೇ ಒಂದು ಮಾತು ಕೇಳಿಬಂದರೂ ಅವತ್ತೇ ಮನೆಗೆ ಕರೆದೊಯ್ಯುತ್ತೇನೆ, ಮತ್ತೆ ಪುಸ್ತಕದ ಸುದ್ದಿ ಎತ್ತಕೂಡದು ಎಂಬ ಷರತ್ತಿನ ಮೇಲೆ ಒಪ್ಪಿದ್ದನಂತೆ. ಆದ್ದರಿಂದ ಲಾವಣ್ಯ ಜೋರಾಗಿ ಸೀನುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದಳು. ಎರಡು ಬಸ್ಸು ಬದಲಿಸಿ ಬರಬೇಕಾದ್ದರಿಂದ ಭಾನುವಾರಗಳಲ್ಲಿ ಅವಳನ್ನು ನೋಡಲು ಮನೆಯಿಂದ ಯಾರೂ ಬರುತ್ತಿರಲಿಲ್ಲ. ನಮ್ಮವ್ವ ತಂದ ರೊಟ್ಟಿ ಪಲ್ಯದಲ್ಲೇ ಅವಳಿಗೂ ಪಾಲು. ತಿನ್ನುತ್ತ ತಿನ್ನುತ್ತ ನಮ್ಮ ಕನ್ನಡವನ್ನೂ ಒಂದಿಷ್ಟು ಕಲಿತಿದ್ದಳು.

ಸಂಕ್ರಾಂತಿ ರಜೆಗೆ ಮೊದಲಿನ ಭಾನುವಾರ ಅವ್ವ ಬಂದಳು. ಅಣ್ಣ ಬೈಕಿನಲ್ಲಿ ಕರೆತಂದು, ಗಂಡಸರಿಗೆ ಒಳಗೆ ಪ್ರವೇಶವಿಲ್ಲವಾದ್ದರಿಂದ ಗೇಟಿನ ಹೊರಗೆ ಪೇರಲಹಣ್ಣು ತಿನ್ನುತ್ತ ನಿಂತ. ಮರುದಿನ ಲಾವಣ್ಯಳ ಅಪ್ಪ ಅಮ್ಮ ಬಂದು ಅವಳನ್ನು ಹಬ್ಬಕ್ಕೆ ಕರೆದೊಯ್ಯುತ್ತಾರೆ ಎಂದು ಗೊತ್ತಾದದ್ದೇ ತಡ, ಅವ್ವನಿಗೆ ಸುಮ್ಮನಿರಲಾಗಲಿಲ್ಲ.

"ನಮ್ಮ ಕೈಯಾಗ ಉಂಡ ಹುಡುಗಿ, ಬರೀ ಉಡೀಲೆ ಹೆಂಗ ಕಳಸೋದು?" ಅಂದಳು.

ನಮ್ಮ ಕಡೆ ಹೀಗೆಯೇ. ಹೊರಟುನಿಂತವಳು ಲಂಗದ ಹುಡುಗಿಯಾಗಿರಲಿ, ಮೊಮ್ಮಕ್ಕಳನ್ನು ಕಂಡ ಮುತ್ತೈದೆಯಾಗಿರಲಿ, ಉಡಿ ತುಂಬದೆ ಹೊಸ್ತಿಲು ದಾಟಿಸುವುದಿಲ್ಲ. ಮೆಸ್ಸಿನಿಂದ ಅಕ್ಕಿ ಬಂತು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಬೇರು ಅವ್ವನ ಚೀಲದಲ್ಲೇ ಇದ್ದವು, ಅವಳ ಚೀಲದಲ್ಲಿ ಏನು ತಾನೇ ಇರುವುದಿಲ್ಲ? ನಾಂಪಲ್ಲಿಯ ಜಾತ್ರೆಯಂಥ ಎಗ್ಜಿಬಿಷನ್ನಿನಲ್ಲಿ ಕೊಂಡ ಕುಬಸದ ಕಣವೂ, ಅಂದರೆ ರವಿಕೆಯ ಬಟ್ಟೆಯೂ, ಬಂತು. ಲಾವಣ್ಯ ಮಂಚದ ಮೇಲೆ ಕೂತು ದುಪಟ್ಟಾ ಒಡ್ಡಿದಳು. ಅವ್ವ ಬೊಗಸೆಯಲ್ಲಿ ಅಕ್ಕಿ ಹಾಕಿದಳು. ಎಲ್ಲದರಲ್ಲೂ ಮೊದಲು ಕೈ ಹಾಕುವ ಅತ್ತೆ ಅವತ್ತು ಮಾತ್ರ ಬಾಗಿಲ ಬಳಿ ನಿಂತು, "ಕೊಬ್ಬರಿ ಮ್ಯಾಲ ಇಡು, ಕಣ ಮರೀಬ್ಯಾಡ" ಎಂದು ದೂರದಿಂದಲೇ ಹುಕುಂ ಮಾಡುತ್ತಿದ್ದಳು. ಲಾವಣ್ಯ ತಲೆ ತಗ್ಗಿಸಿ ನಗುತ್ತಿದ್ದಳು.

ಇದನ್ನು ಕಿಟಕಿಯಿಂದ ಸ್ರವಂತಿ ನೋಡಿದಳು.

ತೆಲಂಗಾಣದಲ್ಲೂ ಈ ಪದ್ಧತಿ ಉಂಟು, ಒಡಿಬಿಯ್ಯಂ ಎನ್ನುತ್ತಾರೆ. ಅದೇ ಅಕ್ಕಿ, ಅದೇ ಅರಿಷಿಣ, ಅದೇ ಕಣ. ಒಂದೇ ಒಂದು ವ್ಯತ್ಯಾಸ. ಅಲ್ಲಿ ಅದನ್ನು ಹಾಕುವುದು ಮದುವೆಯಾಗಿ ಗಂಡನ ಮನೆಗೆ ಹೋದ ಮಗಳಿಗೆ ಮಾತ್ರ! ಇದು ನಮಗೆ ಗೊತ್ತಿರಲಿಲ್ಲ. ಲಾವಣ್ಯಳಿಗೆ ಗೊತ್ತಿತ್ತು. ನೀನು ಯಾಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ಕೇಳಿದರೆ, "ನಿಮ್ಮ ಕಡೆ ಹಿಂಗ ಅಂತ ತಿಳದೆ. ಮತ್ತ ನಂಗ ಭಾಳ ಚಲೋ ಅನಿಸ್ತು" ಅಂದಳು.

ಹೋಳಿಗೆ ಇಟ್ಟವರನ್ನೇ ಹುಡುಕುತ್ತಿದ್ದ ಹುಡುಗಿಯರಿಗೆ ಇಂಥದ್ದು ಸಿಕ್ಕರೆ ಬಿಟ್ಟಾರೆಯೇ? ರಾತ್ರಿಯ ಊಟಕ್ಕೆ ಮೊದಲೇ ಲಾವಣ್ಯಳಿಗೆ ಗುಟ್ಟಾಗಿ ಮದುವೆಯಾಗಿತ್ತು. ಊಟದ ನಡುವೆ ವರನೂ ಗೊತ್ತಾದ, ಗೇಟಿನ ಹೊರಗಿದ್ದ ನನ್ನ ಅಣ್ಣ! ಅವನು ಒಳಗೆ ಬಾರದೆ ತಲೆ ತಗ್ಗಿಸಿ ಪೇರಲ ತಿಂದದ್ದು ಹೊಸ ಅಳಿಯನ ನಾಚಿಕೆಯಂತೆ. ವಾರ್ಡನ್ನೇ ಮುಂದೆ ನಿಂತು ಮಾಡಿಸಿದ್ದಂತೆ. ಮೊಸರನ್ನಕ್ಕೆ ಬರುವ ಹೊತ್ತಿಗೆ ಮಂಗಳಸೂತ್ರವನ್ನು ಕಣ್ಣಾರೆ ಕಂಡವರೂ ಹುಟ್ಟಿಕೊಂಡಿದ್ದರು.

ಇದೊಂದೂ ನನಗೂ ಲಾವಣ್ಯಳಿಗೂ ಗೊತ್ತಿಲ್ಲ. ಬೆಳಿಗ್ಗೆ ಸ್ನಾನದ ಸರದಿಯಲ್ಲಿ ಎಲ್ಲರೂ ಲಾವಣ್ಯಳಿಗೆ ದಾರಿ ಬಿಟ್ಟರು. ಬಿಸಿನೀರಿನ ಬಕೆಟ್ಟು ಅವಳಿಗೇ ಮೊದಲು. ಹಿಂದಿನ ವಾರದ ಕೆಮಿಸ್ಟ್ರಿ ಟೆಸ್ಟಿನಲ್ಲಿ ಮೊದಲು ಬಂದದ್ದಕ್ಕೆ ಈ ಮರ್ಯಾದೆ ಎಂದು ಆ ಪಾಪದ ಹುಡುಗಿ ಹಿಗ್ಗಿದಳು.

ಸ್ರವಂತಿ ಹತ್ತಿರ ಬಂದು ಪಿಸುಗುಟ್ಟಿದಳು: "ಯಾರಿಗೂ ಸುಳಿವು ಕೊಡದೆ ಹೇಗೆ ಮಾಡಿದೆ?"

"ದಿನಾ ಬೆಳಿಗ್ಗೆ ಬೇಗ ಎದ್ದೆ, ಅಷ್ಟೇ. ನೀನೂ ಮಾಡಬಹುದು, ಕಷ್ಟ ಏನಿಲ್ಲ."

"ಅಯ್ಯೋ, ನನ್ನ ಕೈಲಾಗಲ್ಲ. ನಿಮ್ಮ ಅಪ್ಪನಿಗೆ ಗೊತ್ತಾ?"

"ಇವತ್ತು ಬರ್ತಾರಲ್ಲ, ನಾನೇ ಹೇಳ್ತೀನಿ. ಖುಷಿಯಾಗ್ತಾರೆ."

ಸ್ರವಂತಿ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿದಳು.

ಸುದ್ದಿ ಪ್ರಿನ್ಸಿಪಾಲರ ಕಿವಿಗೂ ಬಿತ್ತು, ಹತ್ತು ಗಂಟೆಗೆ ಅವರಿಂದ ಕರೆ ಬಂತು. ಅವರು ತೆಲುಗು ಟಿವಿ ಚಾನೆಲ್ಲುಗಳಿಗೆ ಹೆದರುವಷ್ಟು ಯಮನಿಗೂ ಹೆದರದವರು. ಹದಿನೇಳರ ಹುಡುಗಿಗೆ ಹಾಸ್ಟೆಲ್ಲಿನಲ್ಲೇ ಮದುವೆ! ಆಗಲೇ ಗೇಟಿನ ಮುಂದೆ ಕ್ಯಾಮೆರಾ ಬಂದುನಿಂತ ಹಾಗೆ ಬೆವರುತ್ತಿದ್ದರು. ಬಾಲಾನಗರಕ್ಕೆ ಫೋನು ಮಾಡಿ ಅವ್ವನನ್ನೂ ಅಣ್ಣನನ್ನೂ ಕರೆಸಿದ್ದರು. ಲಾವಣ್ಯಳ ಅಪ್ಪ ಅಮ್ಮ ಬಸ್ಸಿಳಿದು ನೇರ ಅಲ್ಲಿಗೇ ಬಂದಿದ್ದರು.

ಅತ್ತೆಯೋ, ಕರೆ ಬಂದದ್ದೇ ಇಳಕಲ್ ಸೀರೆ ಉಟ್ಟಳು! ಮೆಟ್ಟಿಲು ಇಳಿಯುತ್ತ ನನ್ನ ಕೈ ಹಿಡಿದು, "ಪ್ರತಿ ಪುಸ್ತಕದಾಗೂ ಇದು ಇರ್ತದ ನೋಡು. ತಪ್ಪು ಮಾಡದಾಕಿ ಮ್ಯಾಲ ಅಪವಾದ, ಹೆಡ್‌ಮೇಡಮ್ಮನ ಖೋಲಿಯಾಗ ವಿಚಾರಣಿ, ಆಮ್ಯಾಲ ನಿಜ ಬಯಲಾಗೋದು. ಇಷ್ಟು ವರ್ಷ ಆದ ಮ್ಯಾಲ ನಮ್ಮ ಹಾಸ್ಟೆಲ್ಲಿಗೂ ಬಂತು" ಅಂದಳು.

ಒಳಗೆ ಪ್ರಿನ್ಸಿಪಾಲರು ಅಣ್ಣನನ್ನು ವಿಚಾರಿಸುತ್ತಿದ್ದರು. "ಭಾನುವಾರ ನೀನು ಗೇಟಿನ ಹತ್ತಿರ ಏನು ಮಾಡ್ತಿದ್ದೆ?"

"ಪೇರಲಹಣ್ಣು ತಿಂತಿದ್ದೆ ಸರ್."

"ಅದಕ್ಕೆ ಮೊದಲು?"

"ಅದಕ್ಕೆ ಮೊದಲೂ ಪೇರಲಹಣ್ಣೇ ಸರ್. ಮೂರು ತಗೊಂಡಿದ್ದೆ."

ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ. ಅಷ್ಟರಲ್ಲಿ ಲಾವಣ್ಯಳ ಅಪ್ಪ ಮಾತಾಡಿದ. ದನಿ ಎತ್ತಲಿಲ್ಲ. "ಮದುವೆ ಆಗಿದೆಯೋ ಇಲ್ಲವೋ, ಅದು ಬೇರೆ ಮಾತು ಸಾರ್. ನನ್ನ ಮಗಳ ಹೆಸರು ಇಷ್ಟು ಜನರ ಬಾಯಲ್ಲಿ ಬಂತಲ್ಲ, ಅಷ್ಟು ಸಾಕು. ಹಬ್ಬಕ್ಕೆ ಕರಕೊಂಡು ಹೋಗ್ತೀನಿ. ಮತ್ತೆ ಕಳಿಸೋದಿಲ್ಲ." ಮಗಳ ಕಡೆ ತಿರುಗಿ, "ಟ್ರಂಕು ತಗೊಂಡು ಬಾ" ಅಂದ.

ಲಾವಣ್ಯ ಅಳಲಿಲ್ಲ, ವಾದ ಮಾಡಲಿಲ್ಲ. ಟ್ರಂಕು ತರಲು ಹೊರಟೇಬಿಟ್ಟಳು. ಪರೀಕ್ಷೆಗೆ ಇನ್ನು ಎರಡು ತಿಂಗಳೂ ಇರಲಿಲ್ಲ. ನನ್ನ ನಗು ಎಲ್ಲಿ ಹೋಯಿತೋ. ಅತ್ತೆಯ ಮುಖ ನೋಡಿದೆ. ಪುಸ್ತಕದ ಅಧ್ಯಾಯ ಅವಳ ಮುಖದಿಂದ ಅಳಿಸಿಹೋಗಿತ್ತು. ಅದರಲ್ಲಿ ನಿಜ ತಾನಾಗಿಯೇ ಬಯಲಾಗುತ್ತದೆ. ಇಲ್ಲಿ ಒಬ್ಬ ಹುಡುಗಿ ನಿಜವಾಗಿಯೂ ಓದು ಬಿಟ್ಟು ಹೋಗುತ್ತಿದ್ದಳು.

"ನಿಲ್ಲವಾ" ಅಂದಳು ಅತ್ತೆ. "ನಮ್ಮ ಕಡೆ ಉಡಿ ತುಂಬಾಕ ಮದುವಿ ಆಗಬೇಕಂತಿಲ್ಲರಿ. ಮದುವಿಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಮನೀ ಮಗಳು ಅಂತ ತುಂಬೋದು, ಅಷ್ಟೇ."

"ಹಾಗಂತ ನೀವು ಹೇಳ್ತೀರಿ" ಅಂದರು ಪ್ರಿನ್ಸಿಪಾಲರು. "ನಾನು ಹುಟ್ಟಿದಾಗಿನಿಂದ ಕೇಳಿಲ್ಲ."

"ಕೇಳಿಲ್ಲಂದ್ರ ನೋಡ್ರಿ."

ಅತ್ತೆ ಸೆರಗು ಸಿಕ್ಕಿಸಿಕೊಂಡು ನಡೆದಳು. ಐದು ನಿಮಿಷದಲ್ಲಿ ಮೆಸ್ಸಿನ ಅಡುಗೆಯವರಿಬ್ಬರು ಒಂದು ಅಕ್ಕಿಮೂಟೆ ತಂದು ಪ್ರಿನ್ಸಿಪಾಲರ ಕೋಣೆಯ ಮುಂದಿನ ಪಡಸಾಲೆಯಲ್ಲಿ ಕೆಡವಿದರು. ಅತ್ತೆ ಗಂಟೆ ಬಾರಿಸಿದಳು. ಒಳ್ಳೆಯ ನಡತೆಯ ನಮ್ಮ ಹುಡುಗಿಯರು ಎಂದಿನಂತೆ ಸಾಲಾಗಿ ಬಂದು ನಿಂತರು. ಜೀವನದಲ್ಲಿ ಮೊದಲ ಸಲ ಅತ್ತೆಗೆ ಆ ಸಾಲು ಕಂಡು ಸಂತೋಷವಾಯಿತು.

"ನೋಡವಾ, ಶುರು ಮಾಡು" ಎಂದು ಅವ್ವನಿಗೆ ಹೇಳಿ ತಾನು ಕಂಬಕ್ಕೆ ಒರಗಿ ನಿಂತಳು. ಅವ್ವ ಹಿಂದೆಮುಂದೆ ನೋಡದೆ ಅಕ್ಕಿಗೆ ಕೈ ಹಾಕಿದಳು. ಸ್ರವಂತಿ ದುಪಟ್ಟಾ ಒಡ್ಡಿದಳು, ಅವಳ ಹಿಂದಿನವಳು, ಅವಳಿಗೂ ಹಿಂದಿನವಳು. ಮೊದಲು ಹೆದರುತ್ತ ಬಂದವರು ಆಮೇಲೆ ನಗುತ್ತ, ನೂಕಾಡುತ್ತ, ನನಗಿಂತ ಅವಳಿಗೆ ಹೆಚ್ಚು ಹಾಕಿದ್ದೀರಿ ಎಂದು ಜಗಳ ತೆಗೆಯುತ್ತ ಬಂದರು. ಒಬ್ಬಳ ದುಪಟ್ಟಾ ಜಾರಿ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು. ಅದನ್ನು ಇನ್ನೊಬ್ಬಳು ಬಾಚಿ ಮತ್ತೊಬ್ಬಳ ತಲೆಯ ಮೇಲೆ ಎರಚಿದಳು. ಏನು ಗದ್ದಲ, ಏನು ಕೇಕೆ! ಅತ್ತೆ ವರ್ಷಗಟ್ಟಲೆ ಹಂಬಲಿಸಿದ ಹಾಸ್ಟೆಲ್ಲು ಅವತ್ತು ಪಡಸಾಲೆಯಲ್ಲಿ ತಾನಾಗಿಯೇ ಎದ್ದು ಕುಣಿಯಿತು.

ಸಾಲಿನಲ್ಲಿ ಪ್ರಿನ್ಸಿಪಾಲರ ಮಗಳೂ ಇದ್ದಳು, ನಮ್ಮ ಕ್ಲಾಸಿನವಳೇ. ಅಪ್ಪ ಬೇಡವೆಂದು ಕೈ ಎತ್ತುವಷ್ಟರಲ್ಲಿ ಅವಳು ಉಡಿ ತುಂಬಿಸಿಕೊಂಡು ಬಂದು ಅವರ ಕಾಲಿಗೇ ನಮಸ್ಕಾರ ಮಾಡಿದಳು.

ಲಾವಣ್ಯಳ ಅಪ್ಪ ಅದನ್ನೇ ನೋಡುತ್ತ ನಿಂತಿದ್ದ, ಅವನ ಪಕ್ಕದಲ್ಲಿ ಲಾವಣ್ಯ, ಅಷ್ಟರಲ್ಲಿ ಕೋಣೆಯಿಂದ ತಂದ ಟ್ರಂಕು ಹಿಡಿದು. ಆಮೇಲೆ ಮುಖದ ಗಂಟು ಸಡಿಲಿಸದೆ ಕೇಳಿದ: "ಅಂದ್ರೆ ಸಾರ್, ನಿಮ್ಮ ಮಗಳ ಮದುವೇನೂ ಆಗಿಹೋಯ್ತಾ? ಊಟಕ್ಕೆ ಕರೀಲೇ ಇಲ್ಲವಲ್ಲ."

ಮೊದಲು ನಕ್ಕವಳು ಲಾವಣ್ಯಳ ಅಮ್ಮ. ಅವಳ ಹಿಂದೆ ಇಡೀ ಪಡಸಾಲೆ ನಕ್ಕಿತು. ಪ್ರಿನ್ಸಿಪಾಲರೂ ಬೆವರು ಒರೆಸಿಕೊಂಡು ನಕ್ಕರು. ಲಾವಣ್ಯಳ ಅಪ್ಪ ಮಗಳ ಕೈಯಿಂದ ಟ್ರಂಕು ತೆಗೆದುಕೊಂಡು ಗೋಡೆಯ ಬದಿಗೆ ಇಟ್ಟ. "ಇದು ಇಲ್ಲೇ ಇರಲಿ. ಹಬ್ಬ ಮುಗಿಸಿ ಬರೋಳಿಗೆ ಇದನ್ನ ಹೊತ್ತುಕೊಂಡು ಹೋಗೋದು ಯಾಕೆ?" ಅಂದ. ಆಗ ಲಾವಣ್ಯ ಅತ್ತಳು.

ಮೂಟೆಯ ತಳದಲ್ಲಿ ಇನ್ನೂ ಸ್ವಲ್ಪ ಅಕ್ಕಿ ಉಳಿದಿತ್ತು. ಲಾವಣ್ಯ ಕಣ್ಣೊರೆಸಿಕೊಂಡು ಸುತ್ತ ನೋಡಿ, ನಮ್ಮಿಂದ ಕಲಿತ ಕನ್ನಡದಲ್ಲಿ ಕೇಳಿದಳು: "ಮೇಡಂಗೆ ಯಾರ್ ತುಂಬ್ತೀರಿ?"

ಅವ್ವನ ಕೈ ನಿಂತಿತು. ಗಂಡ ತೀರಿಕೊಂಡವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. ಅವಳು ತುಂಬುವಂತೆಯೂ ಇಲ್ಲ. ಭಾನುವಾರ ಬಾಗಿಲ ಬಳಿ, ಇವತ್ತು ಕಂಬದ ಬಳಿ ಅತ್ತೆ ದೂರ ನಿಂತದ್ದು ಅದಕ್ಕೇ. ಮಾವ ಹೋದಂದಿನಿಂದ ನಮ್ಮ ಮನೆಯಿಂದಲೂ ಅವಳು ಬರೀ ಉಡಿಯಲ್ಲೇ ಹೋಗುತ್ತಿದ್ದಳು. ಕಳಿಸುತ್ತಿದ್ದವರು ನಾವೇ.

"ನಂಗ್ಯಾಕವಾ, ನಂದೆಲ್ಲ ಮುಗದೈತಿ" ಎಂದು ಅತ್ತೆ ನಗಲು ನೋಡಿದಳು. ಆ ನಗು ಸರಿಯಾಗಿ ಬರಲಿಲ್ಲ.

ಲಾವಣ್ಯ ಬೊಗಸೆಯ ತುಂಬ ಅಕ್ಕಿ ತೆಗೆದುಕೊಂಡು ಅವಳ ಮುಂದೆ ಹೋಗಿ ನಿಂತಳು. "ಮದುವಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಈಗ ನೀವೇ ಅಂದ್ರಲ್ಲ, ಮೇಡಂ."

ನನ್ನ ಮಾತಿನ ಮಲ್ಲಿ ಅತ್ತೆ ಅವ್ವನ ಮುಖ ನೋಡಿದಳು. ಅವ್ವ ಅಷ್ಟರಲ್ಲೇ ಬಗ್ಗಿ, ತನ್ನ ಚೀಲದಲ್ಲಿ ಇನ್ನೊಂದು ಕಣ ಇದೆಯೇ ಎಂದು ಹುಡುಕುತ್ತಿದ್ದಳು. ಅತ್ತೆ ಕಂಬ ಬಿಟ್ಟು ಮುಂದೆ ಬಂದು, ಎರಡೂ ಕೈಯಿಂದ ಸೆರಗು ಒಡ್ಡಿದಳು.